ಬಿಟ್ಟಿ ಅನ್ನೋ ಮೊದಲು ಸಾಲೋಟಗಿ ಕಂಬ ಓದ್ರಿ

ಇಂಡಿಯಿಂದ ಸಾಲೋಟಗಿಗೆ ಹೊರಟಿದ್ದ ಬಸ್ಸು. ಕಂಡಕ್ಟರ್ ನಮ್ಮವ್ವನ ಆಧಾರ್ ಕಾರ್ಡ್ ನೋಡಿ ಶೂನ್ಯ ರೂಪಾಯಿ ಟಿಕೆಟ್ ಹರಿದುಕೊಟ್ಟ, ನನ್ನ ಕಡೆ ತಿರುಗಿ ರೊಕ್ಕ ಇಸಕೊಂಡ. ಹಿಂದಿನ ಸೀಟಿನಲ್ಲಿದ್ದ ಕಾಕಾ ಒಬ್ಬರಿಗೆ ಅಷ್ಟೇ ಸಾಕಾಯ್ತು. "ಎಲ್ಲಾ ಬಿಟ್ಟಿ ಕೊಟ್ಟು ಮಂದೀನ ಮೈಗಳ್ಳರನ್ನ ಮಾಡ್ಯಾರ. ಟ್ಯಾಕ್ಸ್ ಕಟ್ಟಾವ್ರು ಯಾರೋ, ತಿನ್ನಾವ್ರು ಯಾರೋ" ಅಂದರು. ಯಾರನ್ನೂ ನೋಡದೆ, ಕಿಟಕಿ ಕಡೆ ಮುಖ ಮಾಡಿ ಅಂದರು. ಅವ್ವ ಸುಮ್ಮನಿರಲಿಲ್ಲ. "ಹೌದ್ರಿ ಅಣ್ಣಾರ, ನಾ ಮುಂಜಾನಿ ನಾಕಕ್ಕ ಎದ್ದು ರೊಟ್ಟಿ ಬಡದು, ಸಗಣಿ ಬಳದು, ಮಂದಿ ನಿಂಬಿ ತ್ವಾಟಕ್ಕ ಹೋಗಿ ಬರತೀನಲ್ರಿ, ಅದರಾಗ ಅರ್ಧ ಬಿಟ್ಟೀನ ಐತಿ ನೋಡ್ರಿ" ಅಂದಳು. ಬಸ್ಸೆಲ್ಲ ನಕ್ಕಿತು. ಕಾಕಾನೂ ನಕ್ಕರು.

ಅವ್ವಗೆ ಗೊತ್ತಿದ್ದು ಅಂದಳೋ ಗೊತ್ತಿಲ್ಲದೆ ಅಂದಳೋ, ಆ ಶಬ್ದದ ಹಳೇ ಅರ್ಥ ಅದೇ. ಬಿಟ್ಟಿ ಅನ್ನೋದು ಸಂಸ್ಕೃತದ 'ವಿಷ್ಟಿ'ಯಿಂದ ಬಂದದ್ದು. ಅಂದರೆ ಕೂಲಿ ಕೊಡದೆ ಮಾಡಿಸಿಕೊಳ್ಳೋ ಕೆಲಸ. ಗೌಡನ ಹೊಲದಲ್ಲಿ, ಅಧಿಕಾರಿಯ ಬಿಡಾರದಲ್ಲಿ ದುಡಿಸಿಕೊಂಡು ಬರಿಗೈಯಲ್ಲಿ ಕಳಿಸೋದಕ್ಕೆ ಬಿಟ್ಟಿ ಚಾಕರಿ ಅಂತಿದ್ದರು. ಬಡವರಿಂದ ಕಸಿದುಕೊಂಡದ್ದರ ಹೆಸರು ಈಗ ಬಡವರಿಗೆ ಕೊಟ್ಟದ್ದರ ಹೆಸರಾಗಿದೆ. ಇದು ಹೇಗಾಯ್ತು ಅನ್ನೋದೇ ಒಂದು ಸಂಶೋಧನೆಯ ವಿಷಯ. ನಾನು ಇಲ್ಲಿ ಹೇಳಹೊರಟಿರೋದು ಅದಕ್ಕಿಂತ ಸಣ್ಣ ಸಂಗತಿ: ಕಾಕಾ ಕೇಳಿದ ಪ್ರಶ್ನೆಗೆ ಉತ್ತರ. ಟ್ಯಾಕ್ಸ್ ಕಟ್ಟೋರು ಯಾರು, ತಿನ್ನೋರು ಯಾರು? ಈ ಪ್ರಶ್ನೆಯನ್ನು ನಾವು, ಅಂದರೆ ಗ್ಯಾರಂಟಿಗಳ ಪರ ಮಾತಾಡೋರು, ಸಾಮಾನ್ಯವಾಗಿ ತಪ್ಪಿಸಿಕೊಳ್ತೀವಿ. ತಪ್ಪಿಸಿಕೊಳ್ಳಬಾರದು.

ಆ ಬಸ್ಸು ಹೊರಟಿದ್ದ ಊರಿನಲ್ಲೇ ಈ ಲೆಕ್ಕ ಒಂದು ಸಾವಿರ ವರ್ಷದ ಹಿಂದೆ ಕಲ್ಲಿನ ಮೇಲೆ ಬರೆದಿದೆ. ಸಾಲೋಟಗಿಯಲ್ಲಿ ಸಿಕ್ಕ ಶಾಸನ ಕಂಬ ಕ್ರಿ.ಶ. 945ರದ್ದು. ರಾಷ್ಟ್ರಕೂಟರ ಮೂರನೇ ಕೃಷ್ಣನ ಕಾಲ. ಅವನ ಮಂತ್ರಿ ನಾರಾಯಣ ಆಗ ಪಾವಿಟ್ಟಗೆ ಅಂತ ಕರೆಯುತ್ತಿದ್ದ ಈ ಊರಲ್ಲಿ ತ್ರಯೀಪುರುಷರ ಗುಡಿ ಕಟ್ಟಿಸಿ, ಅಲ್ಲೇ ಒಂದು ಶಾಲೆ ನಡೆಸಿದ. ಬೇರೆ ಬೇರೆ ನಾಡುಗಳಿಂದ ವಿದ್ಯಾರ್ಥಿಗಳು ಬರುತ್ತಿದ್ದರು. ಅವರು ಉಳಿಯೋದಕ್ಕೆ 27 ಮನೆಗಳಿದ್ದವು. ಇವತ್ತಿನ ಮಾತಲ್ಲಿ ಹೇಳೋದಾದರೆ 27 ಹಾಸ್ಟೆಲ್ಲು.

ಶಾಸನದ ಕುತೂಹಲ ಇರೋದು ಖರ್ಚಿನ ವಿವರದಲ್ಲಿ. ಶಾಲೆಗೆ 500 ನಿವರ್ತನ ಭೂಮಿ. ಬರೀ ದೀಪದ ಎಣ್ಣೆಗೆ ಅಂತಲೇ 12 ನಿವರ್ತನ. ಅದಲ್ಲದೆ ಊರಿನ ಬ್ರಾಹ್ಮಣರು ಒಪ್ಪಿಕೊಂಡ ವಂತಿಗೆ: ಮದುವೆಯಾದರೆ ಐದು ನಾಣ್ಯ, ಮುಂಜಿವಿಗೆ ಅದರ ಅರ್ಧ, ಜವಳಕ್ಕೆ ಅದರ ಅರ್ಧ. ಊರಲ್ಲಿ ಊಟ ಹಾಕಿಸಿದರೆ ಕೈಲಾದಷ್ಟು ಮಂದಿ ಅಧ್ಯಾಪಕರಿಗೂ ವಿದ್ಯಾರ್ಥಿಗಳಿಗೂ ಉಣಿಸಬೇಕು. ಉಚಿತ ಓದು, ಉಚಿತ ವಸತಿ, ಉಚಿತ ಊಟ, ಉಚಿತ ಬೆಳಕು. ಇದನ್ನು ಯಾರೂ ರೇವ್ಡಿ ಅಂತ ಕರೆದ ದಾಖಲೆ ಇಲ್ಲ. ದಾನ, ಧರ್ಮ, ಪುಣ್ಯ ಅಂತ ಕಂಬ ನಿಲ್ಲಿಸಿದರು.

ಈ ಶಾಸನವನ್ನು ಇಟ್ಟುಕೊಂಡು ಎದೆಯುಬ್ಬಿಸಿ ಮಾತಾಡೋದು ಸುಲಭ. 'ನೋಡಿ, ನಮ್ಮ ವಿಜಯಪುರ ಜಿಲ್ಲೆಯಲ್ಲಿ ಹತ್ತನೇ ಶತಮಾನದಲ್ಲೇ ವಿಶ್ವವಿದ್ಯಾಲಯ' ಅನ್ನೋ ಭಾಷಣ ಈ ಕಡೆ ಯಾವುದೇ ಶಾಲೆಯ ವಾರ್ಷಿಕೋತ್ಸವಕ್ಕೆ ಹೋದರೂ ಕೇಳಬಹುದು. ಆದರೆ ಕಂಬ ಹೇಳದೆ ಬಿಟ್ಟದ್ದೂ ಇದೆ. ಆ 500 ನಿವರ್ತನ ಹೊಲ ಉತ್ತವರು ಯಾರು? ಆ ಎಣ್ಣೆಗೆ ಎಳ್ಳು ಕುಸುಬಿ ಬೆಳೆದವರು, ಗಾಣ ತಿರುವಿದವರು ಯಾರು? ಅವರ ಮಕ್ಕಳಿಗೆ ವೇದ ಕಲಿಸೋ ಆ ಶಾಲೆಯಲ್ಲಿ ಜಾಗ ಇರಲಿಲ್ಲ. ಇಡೀ ಊರಿನ ದುಡಿಮೆ, ಒಂದು ವರ್ಗದ ಓದು. ಅದು ಆ ಕಾಲದ ಸಾಮಾಜಿಕ ನೀತಿ.

ಅದಕ್ಕೇ ನಾನು ಈ ಕಂಬವನ್ನು ಹೆಮ್ಮೆಗಿಂತ ಹೆಚ್ಚಾಗಿ ಲೆಕ್ಕದ ಪುಸ್ತಕದ ಹಾಗೆ ಓದ್ತೀನಿ. ಒಂದು ಕಡೆ ಕೊಡೋರು, ಇನ್ನೊಂದು ಕಡೆ ಪಡೆಯೋರು, ಮೂರನೇದು ಎರಡೂ ಕಡೆ ಹೆಸರೇ ಇಲ್ಲದವರು. ಗ್ಯಾರಂಟಿಗಳ ಚರ್ಚೆಯಲ್ಲಿ ಟಿವಿಗಳು ಪಡೆಯೋರ ಕಾಲಮ್ಮು ಮಾತ್ರ ಓದುತ್ತವೆ. ಉಳಿದೆರಡನ್ನೂ ಓದೋಣ.

ಪಡೆಯೋರ ಲೆಕ್ಕ ನಿಮಗೆಲ್ಲ ಗೊತ್ತಿರೋದೇ. ಶಕ್ತಿ 2023ರ ಜೂನ್ 11ಕ್ಕೆ ಶುರುವಾಯ್ತು. ಗೃಹಲಕ್ಷ್ಮಿಯ 2,000 ರೂಪಾಯಿ ಅದೇ ವರ್ಷ ಆಗಸ್ಟ್ 30ರಿಂದ. ಗೃಹಜ್ಯೋತಿ, ಅನ್ನಭಾಗ್ಯದ ಹೆಚ್ಚುವರಿ ಐದು ಕಿಲೋ, 2024ರ ಜನವರಿಯಲ್ಲಿ ಯುವನಿಧಿ. 2025-26ರ ಬಜೆಟ್ಟಿನಲ್ಲಿ ಐದಕ್ಕೂ ಸೇರಿ ಇಟ್ಟದ್ದು 51,034 ಕೋಟಿ. ಬಜೆಟ್ಟಿನ ಒಟ್ಟು ಗಾತ್ರ 4.09 ಲಕ್ಷ ಕೋಟಿ. ಅಂದರೆ ಎಂಟು ರೂಪಾಯಿಯಲ್ಲಿ ಒಂದು ರೂಪಾಯಿ. ಇದು ಸಣ್ಣ ಮೊತ್ತ ಅಂತ ನಾನು ವಾದ ಮಾಡಲ್ಲ. ದೊಡ್ಡದೇ.

ಆದರೆ ಅವ್ವನ ಕಡೆಯಿಂದ ನೋಡಿ. 2,000 ಅಂದರೆ ದಿನಕ್ಕೆ 67 ರೂಪಾಯಿ. 2025-26ರಲ್ಲಿ ಕರ್ನಾಟಕದ ಉದ್ಯೋಗ ಖಾತ್ರಿ ಕೂಲಿ ದಿನಕ್ಕೆ 370. ಐದೂವರೆ ದಿನದ ಕೂಲಿಯೂ ಆಗಲ್ಲ. ಇದರಿಂದ ಮಂದಿ ಮೈಗಳ್ಳರಾಗ್ತಾರೆ ಅನ್ನೋರು ಒಂದು ತಿಂಗಳು 67 ರೂಪಾಯಿಯಲ್ಲಿ ಬದುಕಿ ತೋರಿಸಲಿ ಅನ್ನೋ ಸಿಟ್ಟು ಬರುತ್ತೆ, ಆದರೆ ಸಿಟ್ಟು ಉತ್ತರ ಅಲ್ಲ. ಉತ್ತರ ಇನ್ನೊಂದು ಅಂಕಿಯಲ್ಲಿದೆ. ಕೇಂದ್ರ ಸರ್ಕಾರದ್ದೇ 2024ರ ಸಮಯ ಬಳಕೆ ಸಮೀಕ್ಷೆ ಪ್ರಕಾರ ಕೂಲಿ ಇಲ್ಲದ ಮನೆಗೆಲಸದಲ್ಲಿ ತೊಡಗಿರೋ ಹೆಂಗಸರು ದಿನಕ್ಕೆ ಸರಾಸರಿ 289 ನಿಮಿಷ ಅದಕ್ಕೆ ಕೊಡ್ತಾರೆ, ಗಂಡಸರು 88 ನಿಮಿಷ. ಐದು ತಾಸಿಗೆ ಹನ್ನೊಂದೇ ನಿಮಿಷ ಕಡಿಮೆ, ದಿನಾ. ಅವ್ವ ಬಸ್ಸಿನಲ್ಲಿ ಹೇಳಿದ ಬಿಟ್ಟಿ ಇದು. ಅದರ ಮುಂದೆ ದಿನಕ್ಕೆ 67 ರೂಪಾಯಿ ಇಟ್ಟು ಯಾರು ಯಾರಿಗೆ ಸಾಲಗಾರರು ಅಂತ ಕೇಳಬಹುದು.

ನಮ್ಮ ಮನೆಯಲ್ಲಿ ಆ ದುಡ್ಡು ಎಲ್ಲಿ ಹೋಯ್ತು ಅಂದರೆ, ಮೊದಲ ಕಂತುಗಳು ಕಿರಾಣಿ ಅಂಗಡಿ ಉದ್ರಿಗೆ, ಆಮೇಲೆ ತಂಗಿಯ ಕಾಲೇಜು ಫೀಸಿಗೆ. ನಡುನಡುವೆ ಕಂತುಗಳು ತಿಂಗಳುಗಟ್ಟಲೆ ತಡವಾದವು. ಅವ್ವ ಬ್ಯಾಂಕಿಗೆ ಹೋಗಿ ಪಾಸ್‌ಬುಕ್ ಎಂಟ್ರಿ ಮಾಡಿಸೋದು, "ಇನ್ನಾ ಬಂದಿಲ್ಲವಾ" ಅಂತ ಕೇಳಿ ವಾಪಸ್ ಬರೋದು. ಒಂದು ದಿನದ ಕೂಲಿ ಹೋಗ್ತಿತ್ತು. ಹಕ್ಕು ಅಂತ ಕೊಟ್ಟದ್ದನ್ನು ಹೊತ್ತಿಗೆ ಸರಿಯಾಗಿ ಕೊಡದಿದ್ದರೆ ಅದು ಮತ್ತೆ ಭಿಕ್ಷೆಯ ಹಾಗೇ ಕಾಣಿಸುತ್ತೆ. ಇದರಲ್ಲಿ ಸರ್ಕಾರದ ಪರ ನಿಲ್ಲೋಕೆ ನನ್ನಿಂದಾಗಲ್ಲ.

ಈಗ ಕೊಡೋರ ಕಾಲಮ್ಮು. ಕಾಕಾನ ಪ್ರಶ್ನೆ ಇರೋದು ಇಲ್ಲೇ. 'ಟ್ಯಾಕ್ಸ್ ಕಟ್ಟೋರು' ಅಂದ ಕೂಡಲೇ ನಮ್ಮ ಕಣ್ಣಮುಂದೆ ಬರೋದು ಬೆಂಗಳೂರಿನ ಐಟಿ ನೌಕರ. ಅವನು ಕಟ್ಟೋ ಆದಾಯ ತೆರಿಗೆ ಹೋಗೋದು ಕೇಂದ್ರಕ್ಕೆ. ಅದರಲ್ಲಿ ರಾಜ್ಯಗಳಿಗೆ ಪಾಲು ಬರುತ್ತೆ, ಆದರೆ 15ನೇ ಹಣಕಾಸು ಆಯೋಗ ಆ ಪಾಲಿನಲ್ಲಿ ಕರ್ನಾಟಕದ್ದನ್ನು ಶೇ 4.713ರಿಂದ ಶೇ 3.647ಕ್ಕೆ ಇಳಿಸಿತು. ಸೆಸ್ಸು, ಸರ್‌ಚಾರ್ಜು ಅನ್ನೋ ಹೆಸರಲ್ಲಿ ವಸೂಲಾದದ್ದರಲ್ಲಿ ರಾಜ್ಯಗಳಿಗೆ ಪಾಲೇ ಇಲ್ಲ. ಹಾಗಾದರೆ ಗ್ಯಾರಂಟಿಗೆ ದುಡ್ಡು ಎಲ್ಲಿಂದ ಬಂತು?

2023ರ ಜುಲೈ ಬಜೆಟ್ ನೆನಪು ಮಾಡಿಕೊಳ್ಳಿ. ಗ್ಯಾರಂಟಿಗಳಿಗೆ ಹಣ ಒದಗಿಸಿದ ಅದೇ ಬಜೆಟ್ಟಿನಲ್ಲಿ ಮದ್ಯದ 18 ಸ್ಲ್ಯಾಬುಗಳ ಮೇಲೂ ಹೆಚ್ಚುವರಿ ಅಬಕಾರಿ ಸುಂಕ ಶೇ 20ರಷ್ಟು ಏರಿತು. 2024ರ ಜೂನ್‌ನಲ್ಲಿ ಪೆಟ್ರೋಲು ಡೀಸೆಲ್ ಮೇಲಿನ ಮಾರಾಟ ತೆರಿಗೆ ಏರಿ ಲೀಟರಿಗೆ ಸುಮಾರು ಮೂರು ರೂಪಾಯಿ ಜಾಸ್ತಿಯಾಯ್ತು. 2025ರ ಜನವರಿಯಲ್ಲಿ ಬಸ್ ದರ ಶೇ 15 ಏರಿತು. ಅಬಕಾರಿಯಿಂದ ರಾಜ್ಯಕ್ಕೆ ಬರೋದು ವರ್ಷಕ್ಕೆ ಸುಮಾರು 35 ಸಾವಿರ ಕೋಟಿ. ಗ್ಯಾರಂಟಿಯ 51 ಸಾವಿರ ಕೋಟಿ ಪಕ್ಕದಲ್ಲಿ ಈ 35 ಸಾವಿರ ಕೋಟಿ ಇಟ್ಟು ನೋಡಿ. ಅಗ್ಗದ ಪ್ಯಾಕೆಟ್ ಕುಡಿಯೋರು ಯಾರು ಅಂತ ನಮ್ಮ ಕಡೆಯ ಯಾವುದೇ ಊರಿನ ಹೆಂಗಸರನ್ನು ಕೇಳಿ, ಹೇಳ್ತಾರೆ. ಗಂಡ ಸಂಜೆ ಕೊಟ್ಟ ಸುಂಕದಲ್ಲಿ ಒಂದು ಭಾಗ ಹೆಂಡತಿ ಖಾತೆಗೆ ವಾಪಸ್ ಬರುತ್ತೆ, ನಡುವೆ ಲಿವರ್ ಹೋಗುತ್ತೆ.

ಅದರ ಮೇಲೆ ಜಿಎಸ್‌ಟಿ. ಅವ್ವನ ಮೊಬೈಲಿಗೆ 299 ರೂಪಾಯಿ ರೀಚಾರ್ಜ್ ಹಾಕಿಸಿದರೆ ಅದರಲ್ಲಿ ಸುಮಾರು 45 ರೂಪಾಯಿ ತೆರಿಗೆ. ಬೆಂಗಳೂರಿನ ಕೋಟ್ಯಧಿಪತಿ ಅದೇ ರೀಚಾರ್ಜ್ ಹಾಕಿಸಿದರೂ ಅಷ್ಟೇ ತೆರಿಗೆ. ವಸ್ತುವಿನ ಮೇಲೆ ಹಾಕೋ ತೆರಿಗೆಗೆ ಕಣ್ಣಿಲ್ಲ, ಎದುರಿಗೆ ಯಾರಿದ್ದಾರೆ ನೋಡಲ್ಲ. ಇಂಥ ತೆರಿಗೆಯನ್ನು ಅರ್ಥಶಾಸ್ತ್ರದಲ್ಲಿ ಪ್ರತಿಗಾಮಿ ಅಂತಾರೆ, ಗಳಿಕೆ ಕಡಿಮೆಯಾದಷ್ಟೂ ಅದರಲ್ಲಿ ತೆರಿಗೆಗೆ ಹೋಗೋ ಪಾಲು ಹೆಚ್ಚು ಅನ್ನೋ ಅರ್ಥದಲ್ಲಿ. ಹಾಗಾಗಿ ಕಾಕಾನಿಗೆ ನನ್ನ ಉತ್ತರ: ನೀವೂ ಕಟ್ಟೀರಿ, ನಮ್ಮವ್ವಾನೂ ಕಟ್ಟ್ಯಾಳ. ಶಕ್ತಿ ಟಿಕೆಟ್ಟಿನ ದುಡ್ಡಲ್ಲಿ ನಿಮ್ಮ ಡೀಸೆಲ್ ಇಂಜಿನ್ನಿನ ಪಾಲೂ ಇದೆ.

ಇದನ್ನು ಹೇಳಿ ನಿಲ್ಲಿಸಿದರೆ ಗ್ಯಾರಂಟಿಯ ಪರ ವಾದ ಗೆದ್ದಂತೆ ಕಾಣುತ್ತೆ. ಆದರೆ ಇದರಲ್ಲೇ ನಮ್ಮ ನಿಜವಾದ ತಕರಾರು ಇರೋದು. ಬಡವರಿಗೆ ಕೊಟ್ಟದ್ದರಲ್ಲಿ ದೊಡ್ಡ ಪಾಲು ಬಡವರು ಮತ್ತು ಸ್ವಲ್ಪ ಕಡಿಮೆ ಬಡವರಿಂದಲೇ ಎತ್ತಿದ್ದು. ಮೇಲಿನವರನ್ನು ಯಾರೂ ಮುಟ್ಟಿಲ್ಲ. ವಿಶ್ವ ಅಸಮಾನತೆ ಲ್ಯಾಬ್‌ನ 2024ರ ಅಧ್ಯಯನದ ಪ್ರಕಾರ 2022-23ರಲ್ಲಿ ದೇಶದ ಮೇಲಿನ ಶೇ 1ರಷ್ಟು ಮಂದಿಯ ಹತ್ತಿರ ಶೇ 22.6ರಷ್ಟು ಆದಾಯ, ಶೇ 40.1ರಷ್ಟು ಸಂಪತ್ತು ಇತ್ತು. ಹೀಗಿದ್ದೂ ಸಂಪತ್ತಿನ ಮೇಲೆ ತೆರಿಗೆ ಇಲ್ಲ. ಸತ್ತವರ ಆಸ್ತಿ ಮೇಲಿನ ತೆರಿಗೆ 1985ರಲ್ಲಿ ಹೋಯ್ತು, ಸಂಪತ್ತು ತೆರಿಗೆಯನ್ನು 2015ರ ಕೇಂದ್ರ ಬಜೆಟ್ ತೆಗೆದುಹಾಕಿತು. 2019ರ ಸೆಪ್ಟೆಂಬರಿನಲ್ಲಿ ಕಂಪನಿಗಳ ತೆರಿಗೆಯನ್ನು ಶೇ 30ರಿಂದ ಶೇ 22ಕ್ಕೆ ಇಳಿಸಿದಾಗ ವರ್ಷಕ್ಕೆ 1.45 ಲಕ್ಷ ಕೋಟಿ ಆದಾಯ ಬಿಟ್ಟುಕೊಡಬೇಕಾಗುತ್ತೆ ಅಂತ ಕೇಂದ್ರ ಸರ್ಕಾರವೇ ಹೇಳಿತ್ತು. ಅದು ಇಡೀ ದೇಶದ ಲೆಕ್ಕ, ಗ್ಯಾರಂಟಿ ಒಂದು ರಾಜ್ಯದ ಲೆಕ್ಕ, ನೇರ ಹೋಲಿಸೋದು ಸರಿಯಲ್ಲ. ಆದರೂ ಅದನ್ನು ಬಿಟ್ಟಿ ಅಂದವರು ಕಡಿಮೆ. ಅದಕ್ಕೆ 'ಉತ್ತೇಜನ' ಅನ್ನೋ ಚಂದದ ಹೆಸರು ಸಿಕ್ಕಿತು.

ರಾಜ್ಯ ಸರ್ಕಾರಕ್ಕೆ ಇಲ್ಲಿ ಕೈ ಕಟ್ಟಿದೆ ಅನ್ನೋದೂ ನಿಜ. ಒಂದೇ ಉದಾಹರಣೆ ಸಾಕು. ವೃತ್ತಿ ತೆರಿಗೆ ರಾಜ್ಯದ ಕೈಯಲ್ಲಿರೋ ತೆರಿಗೆ, ಆದರೆ ಸಂವಿಧಾನದ 276ನೇ ವಿಧಿ ಅದಕ್ಕೆ ವರ್ಷಕ್ಕೆ 2,500 ರೂಪಾಯಿ ಮಿತಿ ಹಾಕಿದೆ. ಈ ಮಿತಿ ಬಂದದ್ದು 1988ರಲ್ಲಿ. ಕರ್ನಾಟಕದಲ್ಲಿ ತಿಂಗಳಿಗೆ 25 ಸಾವಿರ ಸಂಬಳದವರೂ, 25 ಲಕ್ಷ ಸಂಬಳದವರೂ ತಿಂಗಳಿಗೆ ಕಟ್ಟೋದು ಅದೇ 200 ರೂಪಾಯಿ. ಬೆಂಗಳೂರು ನಗರ ಜಿಲ್ಲೆಯೊಂದೇ ರಾಜ್ಯದ ಉತ್ಪನ್ನದಲ್ಲಿ ಮೂರನೇ ಒಂದಕ್ಕಿಂತ ಹೆಚ್ಚು ಪಾಲು ಹೊಂದಿದೆ. ಅಲ್ಲಿನ ಗಳಿಕೆಯನ್ನು ಇಂಡಿಗೆ ತರೋ ಕಾಲುವೆ ಇಷ್ಟು ಸಣ್ಣದು.

ಕಾಲುವೆ ಅಂದ ಮೇಲೆ ಒಂದು ಮಾತು. ಆಲಮಟ್ಟಿ ಅಣೆಕಟ್ಟು ನಮ್ಮ ಜಿಲ್ಲೆಯಲ್ಲೇ ಇದೆ. ಆದರೆ ಇಂಡಿ ಶಾಖಾ ಕಾಲುವೆಯ ಕೊನೆಯ ಹೊಲಗಳವರು ಇವತ್ತಿಗೂ ನೀರಿಗಾಗಿ ಧರಣಿ ಕೂರ್ತಾರೆ. ತಿಂಗಳಿಗೆ ಎರಡು ಸಾವಿರ ಕೊಟ್ಟರೆ ಆ ಹೊಲಕ್ಕೆ ನೀರು ಬರಲ್ಲ.

ಇನ್ನು ಮೂರನೇ ಕಾಲಮ್ಮು. ಹೆಸರೇ ಇಲ್ಲದವರು. ಸಾಲೋಟಗಿ ಕಂಬದಲ್ಲಿ ಹೊಲ ಉತ್ತವರು ಇದ್ದ ಜಾಗ.

ನಮ್ಮ ಸಣ್ಣವ್ವನ ಮನೆಯವರು ವರ್ಷದಲ್ಲಿ ಎಂಟು ತಿಂಗಳು ಗೋವಾದಲ್ಲಿರ್ತಾರೆ, ಗೌಂಡಿ ಕೆಲಸ. ವಿಜಯಪುರ ಜಿಲ್ಲೆಯ ಮಂದಿ ಗೋವಾಕ್ಕೆ, ಮಹಾರಾಷ್ಟ್ರದ ಕಬ್ಬಿನ ಗದ್ದೆಗಳಿಗೆ ಹೋಗೋದು ಹೊಸ ಸುದ್ದಿ ಅಲ್ಲ. ತಾಂಡಾಗಳಲ್ಲಿ ದೀಪಾವಳಿ ಮುಗಿದ ಮೇಲೆ ಮುದುಕರು ಬಿಟ್ಟರೆ ಯಾರೂ ಸಿಗಲ್ಲ. ಈಗ ನೋಡಿ, ಶಕ್ತಿ ರಾಜ್ಯದ ಗಡಿಯೊಳಗೆ ಮಾತ್ರ. ನಮಗೆ ಹತ್ತಿರದ ದೊಡ್ಡ ಪೇಟೆ ಸೊಲ್ಲಾಪುರ, ಅಲ್ಲಿಗೆ ಹೋಗೋಕೂ ಅದು ನಡೆಯಲ್ಲ. ಒಂದು ದೇಶ ಒಂದು ರೇಷನ್ ಕಾರ್ಡ್ ಯೋಜನೆಯಲ್ಲಿ ಬೇರೆ ರಾಜ್ಯದಲ್ಲಿ ಕೇಂದ್ರದ ಪಾಲಿನ ಅಕ್ಕಿ ಸಿಗುತ್ತೆ, ಕರ್ನಾಟಕದ ಹೆಚ್ಚುವರಿ ಐದು ಕಿಲೋ ಸಿಗಲ್ಲ. ಗೃಹಜ್ಯೋತಿ ಅಂದರೆ ಬೀಗ ಹಾಕಿದ ಮನೆಯ ಸೊನ್ನೆ ಬಿಲ್ಲು. ಮಗಳನ್ನು ಗೋವಾದಲ್ಲಿ ಒಂದು ವರ್ಷ, ಊರಲ್ಲಿ ಒಂದು ವರ್ಷ ಓದಿಸಿ, ಎಂಟನೇ ಕ್ಲಾಸಿಗೆ ಬಿಡಿಸಿದರು. ಯಾರಿಗೆ ಹೆಚ್ಚು ಬೇಕೋ ಅವರು ಊರಲ್ಲೇ ಇರಲ್ಲ, ಯೋಜನೆಗಳೆಲ್ಲ ಊರಲ್ಲಿರೋರಿಗೆ ಅಂತ ಬರೆದದ್ದು.

ಎರಡನೆಯದು ದಲಿತರ ದುಡ್ಡು. 2013ರ ಕಾಯ್ದೆ ಪ್ರಕಾರ ರಾಜ್ಯದ ಅಭಿವೃದ್ಧಿ ಬಜೆಟ್ಟಿನಲ್ಲಿ ಶೇ 24.1ರಷ್ಟನ್ನು ಪರಿಶಿಷ್ಟ ಜಾತಿ, ಪಂಗಡಗಳಿಗೆ ಮೀಸಲಿಡಬೇಕು. ಈ ಹಣ ಬೇರೆಡೆ ಹರಿಯೋಕೆ ದಾರಿಯಾಗಿದ್ದ 7(ಡಿ) ಕಲಮನ್ನು 2023ರಲ್ಲಿ ರದ್ದು ಮಾಡಿದ್ದು ಇದೇ ಸರ್ಕಾರ. ಅದೇ ಸರ್ಕಾರ ಆ ವರ್ಷವೇ ಈ ಹಣದಲ್ಲಿ 11,144 ಕೋಟಿ, ಮರುವರ್ಷ 14,282 ಕೋಟಿಯನ್ನು ಗ್ಯಾರಂಟಿಗಳಿಗೆ ತೋರಿಸಿತು. ಫಲಾನುಭವಿಗಳಲ್ಲಿ ದಲಿತರೂ ಇದ್ದಾರಲ್ಲ ಅನ್ನೋದು ಸಮರ್ಥನೆ. ಎಲ್ಲರಿಗೂ ಸಿಗೋದನ್ನು ದಲಿತರಿಗೆ ಕೊಡೋವಾಗ ಮಾತ್ರ ಅವರ ಪಾಲಿನ ಹಣದಿಂದಲೇ ಕೊಡೋದು ಯಾವ ನ್ಯಾಯ? ಆ ಹಣದಲ್ಲಿ ಆಗಬೇಕಿದ್ದ ಹಾಸ್ಟೆಲ್ಲು, ಕೊಳವೆಬಾವಿ, ಭೂಮಿ ಖರೀದಿ ಎಲ್ಲಿ ಹೋಯ್ತು? ಪ್ರಗತಿಪರರು ಅಂತ ಕರೆಸಿಕೊಳ್ಳೋ ನಾವು ಇದರ ಬಗ್ಗೆ ಇನ್ನೂ ಗಟ್ಟಿಯಾಗಿ ಕೂಗಬೇಕಿತ್ತು.

ಮೂರನೆಯದು ನಕ್ಷೆಯ ಮೇಲಿನ ಗೆರೆ. ನಾವು ಕೂತಿದ್ದ ಬಸ್ಸಿನ ಮೈಮೇಲೆ 'ಕಲ್ಯಾಣ ಕರ್ನಾಟಕ ರಸ್ತೆ ಸಾರಿಗೆ ನಿಗಮ' ಅಂತ ಬರೆದಿರುತ್ತೆ. ಬಸ್ಸಿನ ಲೆಕ್ಕಕ್ಕೆ ವಿಜಯಪುರ ಕಲ್ಯಾಣ ಕರ್ನಾಟಕ. 371(ಜೆ) ಲೆಕ್ಕಕ್ಕೆ ಅಲ್ಲ. ಪಕ್ಕದ ಅಫಜಲಪುರದ ಹುಡುಗನಿಗೆ ತನ್ನ ಭಾಗದ ಕಾಲೇಜುಗಳಲ್ಲಿ ಶೇ 70, ರಾಜ್ಯಮಟ್ಟದ ಸಂಸ್ಥೆಗಳಲ್ಲಿ ಶೇ 8 ಸೀಟು ಮೀಸಲು, ಸರ್ಕಾರಿ ನೌಕರಿಯಲ್ಲೂ ಪಾಲು. ಇಂಡಿಯ ಹುಡುಗನಿಗೆ ಇಲ್ಲ. ಕಾರಣ ಏನಂದರೆ 1956ಕ್ಕೆ ಮೊದಲು ಅಫಜಲಪುರದ ಕಡೆ ಹೈದರಾಬಾದ್ ನಿಜಾಮ ಇದ್ದ, ನಮ್ಮದು ಬಾಂಬೆ ಪ್ರಾಂತ್ಯ. ಅವರಿಗೆ ಸಿಕ್ಕದ್ದು ತಪ್ಪಲ್ಲ, ಹೋರಾಡಿ ಪಡೆದದ್ದು. ಆದರೆ ಬಡತನ ನಿಜಾಮನ ಗಡಿ ನೋಡಿ ನಿಲ್ಲೋದಿಲ್ಲ. ಇದನ್ನು 2002ರಲ್ಲೇ ಡಾ. ಡಿ.ಎಂ. ನಂಜುಂಡಪ್ಪ ಸಮಿತಿ ಸರಿಯಾಗಿ ಹಿಡಿದಿತ್ತು. ಜಿಲ್ಲೆ ಬಿಟ್ಟು ತಾಲೂಕು ತಾಲೂಕಾಗಿ ಅಳೆದು 114 ಹಿಂದುಳಿದ ತಾಲೂಕುಗಳನ್ನು ಗುರುತಿಸಿತು. ಅದರಲ್ಲಿ ಅತ್ಯಂತ ಹಿಂದುಳಿದವು 39, ಆ 39ರಲ್ಲಿ 26 ಉತ್ತರ ಕರ್ನಾಟಕದವು. ಇಂಡಿಯೂ ಹಿಂದುಳಿದವರ ಪಟ್ಟಿಯಲ್ಲಿತ್ತು. ಎಂಟು ವರ್ಷದಲ್ಲಿ 31,000 ಕೋಟಿ ಖರ್ಚು ಮಾಡಿ ಅಂತ ಹೇಳಿತ್ತು. 2024ರಲ್ಲಿ ಮತ್ತೆ ಪ್ರೊ. ಎಂ. ಗೋವಿಂದರಾವ್ ಅವರ ಅಧ್ಯಕ್ಷತೆಯಲ್ಲಿ ಇನ್ನೊಂದು ಸಮಿತಿ ಮಾಡಬೇಕಾಯ್ತು ಅಂದರೆ ಮೊದಲನೆಯದರ ಕತೆ ಏನಾಯ್ತು ಅಂತ ಬಿಡಿಸಿ ಹೇಳಬೇಕಿಲ್ಲ.

ಹಾಗಂತ ಸರ್ಕಾರ ಕೊಟ್ಟದ್ದು ಯಾವುದೂ ನಿಲ್ಲಲಿಲ್ಲ ಅಂತಲ್ಲ. ಅಕ್ಷರ ದಾಸೋಹದ ಬಿಸಿಯೂಟ 2002ರಲ್ಲಿ ಮೊದಲು ಶುರುವಾದ ಏಳು ಜಿಲ್ಲೆಗಳಲ್ಲಿ ನಮ್ಮದೂ ಒಂದು. ಹಸಿದ ಮಕ್ಕಳಿಗೆ ಊಟ ಕೊಡಿ ಅಂತ 2001ರ ನವೆಂಬರಿನಲ್ಲಿ ಸುಪ್ರೀಂ ಕೋರ್ಟು ಆದೇಶ ಮಾಡಿದ ಮೇಲೆ ಬಂದದ್ದು. 2021ರ ಡಿಸೆಂಬರಿನಲ್ಲಿ ಶಾಲೆಯ ಮಕ್ಕಳಿಗೆ ಮೊಟ್ಟೆ ಕೊಡಲು ಶುರುಮಾಡಿದಾಗಲೂ ಕಲ್ಯಾಣ ಕರ್ನಾಟಕದ ಜೊತೆ ವಿಜಯಪುರ ಇತ್ತು. ಕೆಲವು ಮಠಗಳು ವಿರೋಧ ಮಾಡಿದವು, ಮಕ್ಕಳು ತಿಂದರು. ಆಗಲೂ ಬಿಟ್ಟಿ ಊಟ ಅಂದವರಿದ್ದರು. ಇವತ್ತು ಬಿಸಿಯೂಟ ನಿಲ್ಲಿಸಿ ಅನ್ನೋಕೆ ಯಾವ ಪಕ್ಷಕ್ಕೂ ಧೈರ್ಯ ಇಲ್ಲ. ಸಾಲೋಟಗಿಯಲ್ಲಿ ಊಟ ಹಾಕಿಸಿದರೆ ವಿದ್ಯಾರ್ಥಿಗಳಿಗೂ ಉಣಿಸಬೇಕು ಅಂತ ಬರೆದ ಕಂಬ ಇದ್ದರೆ, ಈಗ ಅದೇ ನೆಲದ ಶಾಲೆಗಳಲ್ಲಿ ಹೊಲ ಉಳೋರ ಮಕ್ಕಳೂ ಸಾಲಾಗಿ ಕೂತು ಉಣ್ತಾರೆ. ಒಲೆ ಮುಂದೆ ನಿಂತ ಅಡುಗೆಯವರ ಕಡೆ ಮಾತ್ರ ನೋಡಬೇಡಿ. 2025-26ರ ಬಜೆಟ್ಟಿನಲ್ಲಿ ಒಂದು ಸಾವಿರ ಏರಿಸಿದ ಮೇಲೂ ಅವರಿಗೆ ತಿಂಗಳಿಗೆ ಐದು ಸಾವಿರ ಮುಟ್ಟಿಲ್ಲ. ಅದಕ್ಕೆ ಸಂಬಳ ಅನ್ನೋದಿಲ್ಲ, ಗೌರವಧನ ಅಂತಾರೆ. ಅವ್ವನ ಭಾಷೆಯಲ್ಲಿ ಅದಕ್ಕೆ ಏನಂತಾರೆ ಅಂತ ನಿಮಗೆ ಗೊತ್ತು.

ಸಾಲೋಟಗಿ ಬಂತು. ಇದೆಲ್ಲ ನಾನು ಬಸ್ಸಿನಲ್ಲಿ ಹೇಳಲಿಲ್ಲ, ರಸ್ತೆಯ ಗುಂಡಿಗಳಲ್ಲಿ ಇಷ್ಟುದ್ದ ಮಾತಾಡೋಕೆ ಆಗಲ್ಲ. ಹೇಳಿದ್ದು ರೀಚಾರ್ಜಿನ 45 ರೂಪಾಯಿ ಮತ್ತು ಡೀಸೆಲ್ಲಿನ ಮಾತು ಅಷ್ಟೇ. ಕಾಕಾ ಕೇಳಿಸಿಕೊಂಡರು, ಒಪ್ಪಿದರು ಅಂತ ಅನಿಸಲಿಲ್ಲ. ಇಳಿಯೋವಾಗ ಹೆಗಲ ಮೇಲಿನ ಟವೆಲ್ ಸರಿಮಾಡಿಕೊಂಡು ನನ್ನ ಹತ್ತಿರ ನಿಂತರು.

"ತಮ್ಮಾ, ನನ್ನ ಮಗ ಬಿ.ಎ. ಮುಗಿಸಿ ಮನ್ಯಾಗ ಕುಂತಾನ. ಅದೇನೋ ಯುವನಿಧಿ ಅಂತಾರಲ್ಲ, ಅದಕ್ಕ ಅರ್ಜಿ ಹೆಂಗ ಹಾಕೂದು?"

ಸೇವಾಸಿಂಧು ಪೋರ್ಟಲ್ಲಿನಲ್ಲಿ ಹಾಕಬೇಕು, ಪಾಸಾಗಿ ಆರು ತಿಂಗಳಾದರೂ ಕೆಲಸ ಸಿಕ್ಕಿರಬಾರದು, ಮುಂದೆ ಓದ್ತಿರಬಾರದು, ಕೆಲಸ ಇಲ್ಲ ಅಂತ ಸ್ವಯಂ ಘೋಷಣೆ ಕೊಡ್ತಾ ಇರಬೇಕು ಅಂತ ಹೇಳಿದೆ. ತಿಂಗಳಿಗೆ ಮೂರು ಸಾವಿರ, ಎರಡು ವರ್ಷ.

"ಎರಡ ವರ್ಷ ಆದ ಮ್ಯಾಲ?"

ಅವ್ವ ನನ್ನ ಮುಖ ನೋಡಿದಳು. ನಾನು ಕಾಕಾನ ಮಗನ ನಂಬರ್ ಬರೆದುಕೊಂಡೆ.